ಇನ್ನೂರ ಹದಿನಾಲ್ಕು ಗಂಟೆ

"ಹೆಸರೆಲ್ಲಿ?"

ರಿಪೇರಿಯವನು ಹೊಗಳಿಕೆಗೆ ಕಾಯುತ್ತಿದ್ದ. ಮೂರು ದಿನ ಸತಾಯಿಸಿದ ವಿಡಿಯೋ ಗೇಮ್ ಆ ಬೆಳಿಗ್ಗೆಯಷ್ಟೇ ದಾರಿಗೆ ಬಂದಿತ್ತು. ಮೇಜಿನ ಮೇಲಿನ ಡಬ್ಬಿ ಟೀವಿಯಲ್ಲಿ ಆಕಾಶ ನೀಲಿಯಾಗಿ, ಹುಲ್ಲು ಹಸಿರಾಗಿ ಮೂಡಿ, ಕೀರಲು ಸಂಗೀತವೂ ಶುರುವಾಗಿತ್ತು. ಇಂಥ ಹೊತ್ತಿನಲ್ಲಿ ಗಿರಾಕಿಗಳು ಬಾಯಿಯ ಮೇಲೆ ಕೈಯಿಟ್ಟುಕೊಳ್ಳುತ್ತಾರೆ, ಕೆಲವರು ಅತ್ತೇ ಬಿಡುತ್ತಾರೆ. ಈ ಹೆಂಗಸು ಮಾತ್ರ ಕನ್ನಡಕ ಸರಿಮಾಡಿಕೊಂಡು, ಪರದೆಯ ಹತ್ತಿರ ಬಗ್ಗಿ ಏನೋ ಹುಡುಕುತ್ತಿದ್ದಳು.

"ಚಿತ್ರ ಬಂತಲ್ಲಮ್ಮ. ನೋಡಿ, ಕನ್ನಡಿ ಥರ ಇದೆ."

"ಚಿತ್ರ ಬಂತು. ಆದ್ರೆ ಇಲ್ಲಿ ಹೆಸರಿತ್ತು." ಗಾಜಿಗೆ ತಾಗದಂತೆ ಬೆರಳು ತೋರಿಸಿದಳು. ಅಲ್ಲಿ ಮೂರು ಸಾಲುಗಳಿದ್ದವು, ಮೂರೂ ಖಾಲಿ. "ಮೊದಲನೇ ಸಾಲಲ್ಲಿ ನನ್ನ ಮಗನ ಹೆಸರು. ಅದರ ಪಕ್ಕ ಇನ್ನೂರ ಹದಿನಾಲ್ಕು ಗಂಟೆ ಅಂತ. ಅಷ್ಟು ಹೊತ್ತು ಅವನು ಆಡಿದ್ದು."

ಏನಾಯಿತೆಂದು ರಿಪೇರಿಯವನಿಗೆ ಆ ಕ್ಷಣವೇ ಗೊತ್ತಾಗಿತ್ತು, ಆದರೆ ಬಾಯಿ ಬೇರೆಯದನ್ನೇ ಹೇಳಿತು. "ಇನ್ನೂ ಸ್ವಲ್ಪ ಕೆಲಸ ಬಾಕಿ ಇದೆಯಮ್ಮ. ನಾಳೆ ಬನ್ನಿ."

"ನಾಳೆ ಹೆಸರು ಇರುತ್ತಾ?"

"ಬನ್ನಿ, ನೋಡೋಣ."

ಆಕೆ ತಲೆಯಾಡಿಸಿ ಹೋದಳು. ಜೀವನವಿಡೀ 'ನಾಳೆ ಬನ್ನಿ' ಎಂದು ಹೇಳಿಸಿಕೊಂಡವರು ಹೋಗುವ ಹಾಗೆ ಹೋದಳು.

ಅವನ ರಸೀದಿ ಪುಸ್ತಕದಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ. ಬೇಕರಿ, ಲಾಯರು, ಎರಡನೇ ಮಹಡಿ, ದಪ್ಪ ಕನ್ನಡಕ. ಈಕೆಯನ್ನು 'ಇಸ್ತ್ರಿಯಮ್ಮ' ಎಂದು ಬರೆದಿದ್ದ. ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಮೂವತ್ತೆರಡು ವರ್ಷ ಇಸ್ತ್ರಿ ಮಾಡಿ ನಿವೃತ್ತಳಾದೆ ಎಂದು ಮೊದಲ ದಿನವೇ ಹೇಳಿಕೊಂಡಿದ್ದಳು. ಹೇಳದಿದ್ದರೂ ತಿಳಿಯುತ್ತಿತ್ತು. ವಿಡಿಯೋ ಗೇಮನ್ನು ಆಕೆ ತಂದದ್ದು ದಿಂಬಿನ ಕವರಿನಲ್ಲಿ, ಆ ಕವರಿನ ಮಡಿಕೆಗಳು ಗೆರೆ ಎಳೆದಂತಿದ್ದವು.

ಒಂದು ಕಾಲದಲ್ಲಿ ಅವನದು ಟೀವಿ ರಿಪೇರಿ. ಟೀವಿ ಕೆಟ್ಟರೆ ಎಸೆಯುವ ಕಾಲ ಬಂದ ಮೇಲೆ ಅಂಗಡಿ ನೊಣ ಹೊಡೆಯುತ್ತಿತ್ತು. ಈಗ ಐದಾರು ವರ್ಷದಿಂದ ಅವನ ಒಲೆ ಉರಿಯುವುದು ಈ ಹಳೇ ಆಟದ ಪೆಟ್ಟಿಗೆಗಳಿಂದಲೇ. ಹೊಟ್ಟೆ ಬಂದ ಗಂಡಸರು ಅಟ್ಟದಿಂದ ಇಳಿಸಿ ತರುತ್ತಿದ್ದರು, ಆಟದ ಕ್ಯಾಸೆಟ್ಟನ್ನು ಮೂಗಿಗೆ ಹಿಡಿದು ಮೂಸುತ್ತಿದ್ದರು, "ಆ ಕಾಲವೇ ಕಾಲ, ಅಂಕಲ್" ಎಂದು ನಿಟ್ಟುಸಿರು ಬಿಡುತ್ತಿದ್ದರು. ತಲೆ ಬೋಳಾದವರ ಬಾಯಲ್ಲಿ ಅಂಕಲ್ ಎನ್ನಿಸಿಕೊಂಡು ಅವನಿಗೆ ಸಾಕಾಗಿತ್ತು. ಆ ಕಾಲ ಅವನಿಗೂ ನೆನಪಿತ್ತು. ಇವರ ಅಪ್ಪಂದಿರೇ ಇದೇ ಮೇಜಿನ ಮುಂದೆ ನಿಂತು, ಒಂದೂವರೆ ತಿಂಗಳ ಸಂಬಳ ಸುರಿದು ಶನಿಯನ್ನು ಮನೆಗೆ ತಂದೆ ಎಂದು ಗೊಣಗಿದ್ದರು. ಮಕ್ಕಳ ನೆನಪಿನಲ್ಲಿ ಆ ಪೆಟ್ಟಿಗೆ ಆಕಾಶದಿಂದ ಉದುರಿತ್ತು. ಸಂಬಳದ ಸುದ್ದಿ ಯಾರೂ ಎತ್ತುತ್ತಿರಲಿಲ್ಲ.

"ಚಿತ್ರ ಬರೋ ಹಾಗೆ ಮಾಡಿ, ಸಾಕು. ಬೇರೇನೂ ಮುಟ್ಟಬೇಡಿ" ಎಂದಿದ್ದಳು ಇಸ್ತ್ರಿಯಮ್ಮ. ಎಲ್ಲ ಗಿರಾಕಿಗಳೂ ಹಾಗೇ ಹೇಳುತ್ತಾರೆ, ಬಿಲ್ಲು ಬೆಳೆದೀತೆಂಬ ಭಯಕ್ಕೆ. ಅವನು ಆ ಮಾತನ್ನು ಹಾಗೇ ಅರ್ಥ ಮಾಡಿಕೊಂಡ. ಕ್ಯಾಸೆಟ್ ಬಿಚ್ಚಿ ಅದರ ಹಲ್ಲಿನಂಥ ತಾಮ್ರದ ಪಟ್ಟಿಗಳನ್ನು ಉಜ್ಜುವಾಗ ಒಳಗಿನ ಬಿಲ್ಲೆ ಬ್ಯಾಟರಿ ಕಣ್ಣಿಗೆ ಬಿತ್ತು. ಮೂವತ್ತು ವರ್ಷದ್ದು, ಇವತ್ತೋ ನಾಳೆಯೋ ಕೈಕೊಡುತ್ತದೆ, ಪಾಪ, ವಯಸ್ಸಾದ ಹೆಂಗಸು ಮತ್ತೆ ಯಾಕೆ ಓಡಾಡಬೇಕು ಎಂದುಕೊಂಡ. ಹಳೆಯದನ್ನು ಕಿತ್ತು ಹೊಸದನ್ನು ಬೆಸೆದ. ಇದಕ್ಕೆ ದುಡ್ಡು ಹಾಕಬಾರದು ಎಂದೂ ತೀರ್ಮಾನಿಸಿದ.

ಆಡಿದವನ ಹೆಸರು, ಅವನು ಎಲ್ಲಿಯವರೆಗೆ ತಲುಪಿದ್ದ, ಎಷ್ಟು ಹೊತ್ತು ಆಡಿದ, ಎಲ್ಲವೂ ಆ ಬಿಲ್ಲೆಯ ಉಸಿರಿನ ಮೇಲೆ ನಿಂತಿರುತ್ತದೆ. ಕಿತ್ತ ಕ್ಷಣವೇ ಕ್ಯಾಸೆಟ್ ಎಲ್ಲವನ್ನೂ ಮರೆಯುತ್ತದೆ. ಮರೆಯದಂತೆ ಮಾಡುವ ಉಪಾಯವೂ ಅವನಿಗೆ ಗೊತ್ತಿತ್ತು: ಹಳೆಯದನ್ನು ಕೀಳುವ ಮೊದಲು ಹೊರಗಿನಿಂದ ಇನ್ನೊಂದು ಬ್ಯಾಟರಿಯ ತಂತಿ ಹಿಡಿಸಬೇಕು. ಹತ್ತು ನಿಮಿಷದ ಕೆಲಸ. ಬೇಕಾದವರು ಬಾಯಿಬಿಟ್ಟು ಕೇಳುತ್ತಿದ್ದರು. ಇಷ್ಟು ವಯಸ್ಸಾದ ಹೆಂಗಸಿಗೆ ಆಟದೊಳಗೆ ಕಾಪಾಡಿಕೊಳ್ಳುವಂಥದ್ದು ಏನಾದರೂ ಇದ್ದೀತು ಎಂದು ಅವನಿಗೆ ಹೊಳೆಯಲೇ ಇಲ್ಲ. ಕಿತ್ತ ಬಿಲ್ಲೆಯನ್ನು ಡಬ್ಬಿಗೆ ಹಾಕುವ ಮೊದಲು ಅಭ್ಯಾಸಬಲದಿಂದ ಮೀಟರಿನ ಕಡ್ಡಿ ತಾಗಿಸಿದ್ದ. ಎರಡು ಪಾಯಿಂಟ್ ಎಂಟು. ಹೊಸದಕ್ಕೇ ಮೂರು ವೋಲ್ಟು, ಗಟ್ಟಿ ಜೀವ ಎಂದುಕೊಂಡು ಒಳಗೆ ಎಸೆದಿದ್ದ.

ಮಧ್ಯಾಹ್ನ ಊಟದ ಹೊತ್ತಿಗೆ ಇದನ್ನೆಲ್ಲ ಹೆಂಡತಿಗೆ ಹೇಳಿದ. ಅಂಗಡಿಯ ಮುಂಭಾಗದಲ್ಲಿ ವೈರು, ಬಲ್ಬು, ಸ್ವಿಚ್ಚು ಮಾರುವವಳು ಅವಳೇ. ಅವಳಿಗೆ ದಾರಿ ತೋಚಲು ಒಂದು ತುತ್ತು ಇಳಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

"ಬ್ಯಾಟರಿ ತಾನಾಗೇ ಸತ್ತಿತ್ತು ಅನ್ನಿ. ಮೂವತ್ತು ವರ್ಷದ್ದು, ಯಾರು ನಂಬಲ್ಲ?"

"ಸತ್ತಿರಲಿಲ್ಲ ಕಣೇ."

"ಅದು ನಿಮಗೆ ಗೊತ್ತು, ಮೀಟರಿಗೆ ಗೊತ್ತು. ಮೀಟರೇನು ಬೀದೀಲಿ ಸಾರಿಕೊಂಡು ಬರುತ್ತಾ?"

ಅವನು ನಗಲಿಲ್ಲ. ಅವಳು ದನಿ ತಗ್ಗಿಸಿದಳು. "ನಿಮ್ಮ ಮರ್ಯಾದೆ ಉಳಿಸೋಕೆ ಹೇಳ್ತಿಲ್ಲ ರೀ. ಆ ಅಮ್ಮನಿಗೋಸ್ಕರ ಹೇಳ್ತಿದೀನಿ. ತಾನಾಗೇ ಹೋಯ್ತು ಅಂದ್ರೆ ಹೇಗೋ ಹೊಟ್ಟೆಗೆ ಹಾಕ್ಕೊಳ್ತಾರೆ. ನೀವು ಕಿತ್ತಿದ್ದು ಅಂದ್ರೆ, ಅದನ್ನ ಹೊತ್ಕೊಂಡು ಎಲ್ಲಿಗೆ ಹೋಗಬೇಕು ಅವರು?"

ಅವಳ ಮಾತು ಸರಿಯಾಗಿಯೇ ಇತ್ತು, ಅದೇ ಕಷ್ಟ. ಮರುದಿನ ಆಡಬೇಕಾದ ಮಾತನ್ನು ಎರಡು ಸಲ ಬಾಯಿಪಾಠ ಮಾಡಿಕೊಂಡ. ನಲವತ್ತು ವರ್ಷದಲ್ಲಿ ಗಿರಾಕಿಗಳಿಗೆ ಸಣ್ಣಪುಟ್ಟ ಸುಳ್ಳು ಹೇಳದವನೇನಲ್ಲ, ಆದರೆ ಇದಕ್ಕೆ ಸುಸ್ತಾಯಿತು.

ಇಸ್ತ್ರಿಯಮ್ಮ ಹತ್ತು ಗಂಟೆಗೆ ಸರಿಯಾಗಿ ಬಂದಳು. ಕಣ್ಣು ಕೆಂಪಗಿದ್ದವು. ಅವನು ಬಾಯಿ ತೆರೆಯುವ ಮೊದಲೇ ಹೇಳಿದಳು:

"ನಾನೇ ಏನೋ ತಪ್ಪು ಗುಂಡಿ ಒತ್ತಿರಬೇಕು. ಪ್ರತಿ ವರ್ಷ ಅವನು ಹುಟ್ಟಿದ ದಿನ ಹಾಕ್ತೀನಿ, ಹೆಸರು ನೋಡ್ತೀನಿ, ಆಫ್ ಮಾಡ್ತೀನಿ. ಮೂರೇ ಗುಂಡಿ. ಪಕ್ಕದ ಮನೆ ಹುಡುಗಿ ಬರೆದುಕೊಟ್ಟಿದ್ದಾಳೆ. ಈ ಸಲ ಚಿತ್ರ ಬರಲಿಲ್ಲ ಅಂತ ಸಿಕ್ಕಸಿಕ್ಕಿದ್ದೆಲ್ಲ ಒತ್ತಿಬಿಟ್ಟೆ. ನನ್ನ ಕೈಯಾರೆ ಅಳಿಸಿಬಿಟ್ಟೆ ಅನ್ಸುತ್ತೆ."

ಬಾಯಿಪಾಠ ಮಾಡಿದಂತೆ ಬ್ಯಾಟರಿ ಸತ್ತಿತ್ತು ಎಂದರೂ ಈಕೆ ದೂರುವುದು ತನ್ನ ಬೆರಳನ್ನೇ ಎಂದು ಅವನಿಗೆ ಸ್ಪಷ್ಟವಾಯಿತು.

"ನೀವಲ್ಲಮ್ಮ. ನಾನು."

ಎಲ್ಲವನ್ನೂ ಹೇಳಿದ. ಬಿಲ್ಲೆ, ಬೆಸುಗೆ, ಹತ್ತು ನಿಮಿಷದ ಉಪಾಯ, ಎರಡು ಪಾಯಿಂಟ್ ಎಂಟು. ಮುಂಭಾಗದಲ್ಲಿ ಹೆಂಡತಿ ವೈರು ಅಳೆಯುವುದನ್ನು ನಿಲ್ಲಿಸಿದಳು.

ಇಸ್ತ್ರಿಯಮ್ಮ ಸ್ಟೂಲಿನ ಮೇಲೆ ಕುಳಿತಳು. ಬೈಯಲಿಲ್ಲ, ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಅಂದ್ರೆ ನಾನು ತಂದಾಗ ಇತ್ತು."

"ಇತ್ತಮ್ಮ."

"ಬೇರೇನೂ ಮುಟ್ಟಬೇಡಿ ಅಂದಿದ್ದೆ."

"ಹೌದಮ್ಮ. ಅಂದಿದ್ರಿ."

ಆಕೆ ತನ್ನ ಅಂಗೈ ನೋಡಿಕೊಂಡಳು. ಹೆಬ್ಬೆರಳಿನ ಬುಡದಲ್ಲಿ ಸುಟ್ಟು ಮಾಗಿದ ಕಲೆಗಳಿದ್ದವು. "ಇದನ್ನ ಕಂತಲ್ಲಿ ತಗೊಂಡಿದ್ದು" ಎಂದಳು. "ಒಂದೂವರೆ ವರ್ಷ ಎರಡನೇ ಪಾಳಿನೂ ಮಾಡಿದೆ. ಅವನು ಸ್ಕೂಲಿಂದ ಬರೋ ಹೊತ್ತಿಗೆ ನಾನು ಹೊರಡ್ತಿದ್ದೆ, ನಾನು ಬರೋ ಹೊತ್ತಿಗೆ ಅವನು ಮಲಗಿರ್ತಿದ್ದ. ಇದು ಮನೇಲಿದ್ರೆ ಒಂಟಿ ಅನ್ಸಲ್ಲ ಅಂತ ಕೊಡಿಸಿದೆ. ಇದರ ಕಂತು ಕಟ್ಟೋಕೆ ಅವನನ್ನ ಒಂಟಿ ಬಿಟ್ಟೆ." ಅಂಗೈ ಮುಚ್ಚಿದಳು. "ಅಮ್ಮಾ, ಬಾ ನೋಡು, ಅಂತ ಕರೆದಾಗೆಲ್ಲ ಭಾನುವಾರ ಅಂತಿದ್ದೆ. ಭಾನುವಾರ ಬಂದ್ರೆ ನಿದ್ದೆ ಹೊಡೀತಿದ್ದೆ. ಹತ್ತೊಂಬತ್ತನೇ ವಯಸ್ಸಿಗೆ ಜ್ವರ ಬಂತು, ಹೋದ. ಅವನು ಆಡೋದನ್ನ ಒಂದು ದಿನಾನೂ ಕೂತು ನೋಡಲಿಲ್ಲ ನಾನು."

ರಿಪೇರಿಯವನು ತಲೆಯೆತ್ತಲಿಲ್ಲ. "ಹೆಸರು ಮತ್ತೆ ಹಾಕಬಹುದಮ್ಮ" ಎಂದ. "ಗಂಟೆ ಮಾತ್ರ ನನ್ನ ಕೈಲಿ ಆಗಲ್ಲ."

"ಹಾಕಿ."

ಅವನು ಟೀವಿ ಹಚ್ಚಿದ. ಮೊದಲ ಸಾಲು ಆರಿಸಿದಾಗ ಆಟ ಹೆಸರು ಕೇಳಿತು. ಆಕೆ ಒಂದೊಂದೇ ಅಕ್ಷರ ಹೇಳಿದಳು, ಅವನು ಒಂದೊಂದೇ ಒತ್ತಿದ. ಹೆಸರು ಮೂಡಿತು. ಪಕ್ಕದಲ್ಲಿ ಸೊನ್ನೆ. ಆಮೇಲೆ ಪರದೆ ಬದಲಾಗಿ ಒಂದು ಹುಲ್ಲುಗಾವಲು, ಒಂದು ಗುಡಿಸಲು, ಅದರ ಬಾಗಿಲಲ್ಲಿ ಕೆಂಪು ಟೋಪಿಯ ಪುಟ್ಟ ಮನುಷ್ಯ ಕಾಣಿಸಿದ.

"ಇದನ್ನ ನೋಡೇ ಇರಲಿಲ್ಲ" ಎಂದಳು ಇಸ್ತ್ರಿಯಮ್ಮ. "ಹೆಸರು ದಾಟಿ ಮುಂದೆ ಹೋದ್ರೆ ಎಲ್ಲಿ ಕೆಡುತ್ತೋ ಅಂತ."

ಅವನು ಜಾಯ್‌ಸ್ಟಿಕ್ ಕೊಡಹೋದ. ಆಕೆ ಬೇಡವೆಂದು ಕೈಯಾಡಿಸಿದಳು.

"ಗಂಟೆ ಲೆಕ್ಕ ಈಗ ಓಡ್ತಿದೆಯಾ?"

"ಓಡ್ತಿದೆ."

"ಯಾರೂ ಆಡದೇ ಇದ್ರೂ?"

"ಆಡದೇ ಇದ್ರೂ ಓಡುತ್ತಮ್ಮ. ಕೊನೆಗೆ ಉಳಿಸೋ ಗುಂಡಿ ಒತ್ತಿದ್ರೆ ಆಯ್ತು."

"ಹಾಗಾದ್ರೆ ಇರಲಿ. ಆಫ್ ಮಾಡಬೇಡಿ."

ಆಕೆ ಸ್ಟೂಲನ್ನು ಟೀವಿಯ ಮುಂದಕ್ಕೆ ಎಳೆದುಕೊಂಡು ಕುಳಿತಳು. ಹೊರಗೆ ಯಾರೋ ಬಲ್ಬು ಕೇಳಿದರು, ಹೆಂಡತಿ ಕೊಟ್ಟು ಕಳಿಸಿದಳು. ರಿಪೇರಿಯವನು ಒಂದು ರೇಡಿಯೋ ಎತ್ತಿಕೊಂಡ, ಬಿಚ್ಚಲಿಲ್ಲ. ಪರದೆಯ ಮೇಲೆ ಕೆಂಪು ಟೋಪಿಯವನು ನಿಂತಲ್ಲೇ ನಿಂತಿದ್ದ. ಆಗೊಮ್ಮೆ ಈಗೊಮ್ಮೆ ಕಾಲು ಬದಲಿಸುತ್ತಿದ್ದ, ಕತ್ತು ತಿರುಗಿಸಿ ಇತ್ತ ನೋಡುತ್ತಿದ್ದ. ಇಸ್ತ್ರಿಯಮ್ಮ ಕಣ್ಣು ಕೀಳದೆ ಅವನನ್ನೇ ನೋಡುತ್ತ ಕುಳಿತಿದ್ದಳು.