ಅರವತ್ತೇಳು ಡಿಗ್ರಿ

ಮೂವತ್ತೊಂದು. ಯಶವಂತ ಮಂಡಿಯೂರಿ ತಾಪಮಾಪಕವನ್ನು ಪ್ಲಾಸ್ಟಿಕ್ ಹುಲ್ಲಿನ ಮೇಲೆ ಇನ್ನೊಮ್ಮೆ ಹಿಡಿದ. ಮತ್ತೆ ಮೂವತ್ತೊಂದು. ಬೆಳಗಿನ ಏಳು ಗಂಟೆಗೆ ಎಪ್ರಿಲ್ ಕೂಡ ಸಭ್ಯವಾಗಿಯೇ ಇರುತ್ತದೆ. ನಿನ್ನೆ ಮಧ್ಯಾಹ್ನ ಎರಡಕ್ಕೆ ಇದೇ ಜಾಗದಲ್ಲಿ ಅರವತ್ತೇಳು ಇತ್ತು. ಎರಡೂ ಸತ್ಯ. ಹನ್ನೊಂದರ ಸಭೆಯಲ್ಲಿ ಯಾವ ಸತ್ಯ ಹೇಳಬೇಕು ಎನ್ನುವುದಷ್ಟೇ ಉಳಿದಿತ್ತು.

ತಾರ್ನಾಕದ ಈ ಅಪಾರ್ಟ್‌ಮೆಂಟಿನ ಎರಡು ಬ್ಲಾಕುಗಳ ನಡುವೆ ಹೋದ ವರ್ಷದವರೆಗೆ ಮಣ್ಣಿತ್ತು, ಒಂದು ಬೇವಿನ ಮರವಿತ್ತು. ಈಗ ಮಕ್ಕಳ ಆಟಕ್ಕೆಂದು ಹಾಸಿದ ಪ್ಲಾಸ್ಟಿಕ್ ಹುಲ್ಲು, ಟರ್ಫ್. ಅದರೊಳಗಿನ ಕರಿ ರಬ್ಬರ್ ಕಾಳು ಮಕ್ಕಳ ಬಾಯಿಗೆ ಹೋಗುತ್ತದೆ, ಮಳೆಗೆ ಕೊಚ್ಚಿ ಕೆರೆ ಸೇರುತ್ತದೆ, ಕ್ಯಾನ್ಸರ್ ಬಂದರೆ ಯಾರು ಹೊಣೆ ಎಂದು ಅರ್ಧ ಜನ. ಧೂಳಿಲ್ಲ, ಕೆಸರಿಲ್ಲ, ಸೊಳ್ಳೆಯಿಲ್ಲ ಎಂದು ಇನ್ನರ್ಧ. ಎರಡು ತಿಂಗಳು ವಾಟ್ಸಾಪಿನಲ್ಲಿ ಕಚ್ಚಾಡಿ, ಕೊನೆಗೆ ಔಷಧ ಕಂಪನಿಯ ಲ್ಯಾಬಿನಲ್ಲಿದ್ದ ಯಶವಂತನನ್ನು ಪರೀಕ್ಷಕನನ್ನಾಗಿ ಮಾಡಿದ್ದರು. ಉಡುಪಿ ಬಿಟ್ಟು ಈ ತೆಲುಗು ಊರಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಅವನಿಂದ ಏನೋ ಬೇಕೆಂದು ಇಲ್ಲಿ ಯಾರಾದರೂ ಬಾಗಿಲು ತಟ್ಟಿದ್ದು ಅದೇ ಮೊದಲು.

ರಬ್ಬರಿನ ವರದಿ ಬರಲು ಇನ್ನೂ ಒಂದು ತಿಂಗಳು ಬೇಕಿತ್ತು. ಸದ್ಯಕ್ಕೆ ಅವನ ಕೈಯಲ್ಲಿ ಇದ್ದದ್ದು ಟರ್ಫ್ ಎಷ್ಟು ಕಾಯುತ್ತದೆ ಎನ್ನುವ ಅಳತೆ ಮಾತ್ರ.

"ಸಾಹೇಬ್ರ."

ಹುಸೇನಮ್ಮ. ರಾಯಚೂರು ಕಡೆಯವಳು. ಟರ್ಫ್ ಗುಡಿಸಿ, ನೀರು ಹೊಡೆದು, ಪಂಪಿನ ಪಕ್ಕದ ಕೋಣೆಯಲ್ಲಿ ಒಬ್ಬಳೇ ಇರುತ್ತಿದ್ದಳು. ಬರಿಗಾಲಲ್ಲಿ ನಿಂತಿದ್ದಳು. ಅವಳ ಚಪ್ಪಲಿಗಳು ಟರ್ಫಿನ ಅಂಚಿನಲ್ಲಿ ಜೋಡಿಯಾಗಿದ್ದವು.

"ಇದನ್ನ ಬಂದ್ ಮಾಡಸ್ತೀರೇನ್ರಿ?"

"ನಾನು ಬರೀ ಅಳತೆ ಹೇಳೋದು."

"ಬಂದ್ ಆದ್ರ ನನ್ನ ಕೆಲಸ ಹೋಗ್ತೈತ್ರಿ. ಕೋಲೀನೂ ಬಿಡು ಅಂತಾರ."

ಅವನು ಅವಳ ಮುಖ ನೋಡಲಾರದೆ ಪಾದ ನೋಡಿದ. ಹಿಮ್ಮಡಿಯ ಮೇಲೆ ಬೊಬ್ಬೆ ಒಡೆದು ಚರ್ಮ ಸುಲಿದಿತ್ತು.

"ಚಪ್ಪಲಿ ಯಾಕೆ ಹಾಕೋದಿಲ್ಲ?"

"ಹಸಿರಲ್ರಿ? ಪೈರಿನ್ಯಾಗ ಮೆಟ್ಟು ಹಾಕ್ಕೊಂಡು ಹೋಗಬಾರದ್ರಿ."

"ಇದು ಪ್ಲಾಸ್ಟಿಕ್."

"ಗೊತ್ತೈತ್ರಿ." ಅವಳು ನಕ್ಕಳು. "ಕಾಲಿಗಿ ಗೊತ್ತಿಲ್ಲ."

ಬೆಳಿಗ್ಗೆಯ ಅಳತೆಯನ್ನೇ ಹೇಳುವುದೆಂದು ಯಶವಂತ ನಿರ್ಧರಿಸಿದ. ಒಬ್ಬ ಹೆಂಗಸಿನ ಕೆಲಸ ಉಳಿಯುತ್ತದೆ. ಹಾಗೆಂದುಕೊಂಡಾಗ ತಾನು ಒಳ್ಳೆಯವನೆನಿಸಿ ಸ್ವಲ್ಪ ಹಿತವಾಯಿತು.

ಸಭೆಗೆ ಮುಂಚೆ ಕಾರ್ಯದರ್ಶಿ ಕಾಶಿನಾಥ ಅವನ ಭುಜ ಹಿಡಿದ. ಬೀದರಿನವನು. ತೆಲುಗಿನಲ್ಲಿ ಭಾಷಣ ಮಾಡಿ ಕನ್ನಡದಲ್ಲಿ ಕಿವಿಯೂದುವವನು.

"ಸರ್, ಮುಂಜಾನಿ ನಂಬರೇ ಹೇಳ್ರಿ. ಮಧ್ಯಾಹ್ನ ಯಾರ್ ಆಡ್ತಾರ?"

"ನೋಡೋಣ."

"ನೋಡೋದೇನೈತ್ರಿ?"

ಕಾಶಿನಾಥ ಮೈಕು ಹಿಡಿದು ತೆಲುಗಿನಲ್ಲಿ ಪರಿಚಯಿಸಿದ. ಯಶವಂತ್ ಸರ್‌ಗೆ ಮಕ್ಕಳಿಲ್ಲ, ಆದ್ದರಿಂದ ಯಾವ ಪಕ್ಷವೂ ಇಲ್ಲ, ಇಡೀ ಅಪಾರ್ಟ್‌ಮೆಂಟಿನಲ್ಲಿ ಇಂಥ ನಿಷ್ಪಕ್ಷಪಾತಿ ಇನ್ನೊಬ್ಬನಿಲ್ಲ. ಜನ ನಕ್ಕರು. ಕೆಟ್ಟ ನಗೆಯೇನಲ್ಲ. ಮೂರನೆಯ ಸಾಲಿನಲ್ಲಿದ್ದ ಅವನ ಹೆಂಡತಿ ಅಹಲ್ಯಾ ತಲೆ ತಗ್ಗಿಸಿ ಸೆರಗಿನ ಅಂಚನ್ನು ಮಡಚತೊಡಗಿದಳು.

"ಅರವತ್ತೇಳು," ಎಂದ ಯಶವಂತ.

ನಗು ನಿಂತಿತು. ಅವನಿಗೆ ಬೇಕಾಗಿದ್ದುದು ಅಷ್ಟೇ. ಮಕ್ಕಳ ಮೇಲಿನ ಮಮತೆಯಿಂದಲ್ಲ, ಸತ್ಯದ ಮೇಲಿನ ಪ್ರೀತಿಯಿಂದಲೂ ಅಲ್ಲ, ಆ ನಗು ನಿಲ್ಲಲೆಂದು ಹೇಳಿದ್ದು. ಹಿಂದೆ ಬಾಗಿಲ ಹತ್ತಿರ ನೀರಿನ ಕ್ಯಾನು ಹಿಡಿದು ನಿಂತಿದ್ದ ಹುಸೇನಮ್ಮ ಅವನಿಗೆ ಕಂಡದ್ದು ಆಮೇಲೆ.

ಗದ್ದಲವಾಯಿತು. ಯಾರೋ ಬೇವಿನ ಮರಕ್ಕಾಗಿ ಅತ್ತರು. ಯಾರೋ ಫೋನಿನಿಂದ ವಿದೇಶದ ಸಂಶೋಧನೆ ಓದಿದರು. ಊಟದ ಹೊತ್ತಾಗುತ್ತಲೇ ಎಲ್ಲರೂ ಒಂದು ಮಾತಿಗೆ ಬಂದರು: ಟರ್ಫ್ ಇರಲಿ, ಮಕ್ಕಳು ಸಂಜೆ ಐದರ ನಂತರವೇ ಆಡಲಿ, ಕಾವು ಇಳಿಯಲು ದಿನಾ ಮಧ್ಯಾಹ್ನ ಎರಡರಿಂದ ಇಡೀ ಟರ್ಫಿಗೆ ನೀರು ಹೊಡೆಯಲಿ. ಇವತ್ತಿನಿಂದಲೇ. ನೀರು ಹೊಡೆಯುವವರು ಯಾರೆಂದು ಯಾರೂ ಕೇಳಲಿಲ್ಲ. ಚಪ್ಪಾಳೆ ಬಿತ್ತು. ಯಶವಂತನಿಗೂ ಒಂದು ಹೂಗುಚ್ಛ ಸಿಕ್ಕಿತು.

ಮೆಟ್ಟಿಲ ಬಳಿ ಹುಸೇನಮ್ಮ ಕಾದಿದ್ದಳು. "ಬಂದ್ ಆಗಲಿಲ್ಲ. ನಿಮ್ಮ ಪುಣ್ಯಾರೀ ಸಾಹೇಬ್ರ," ಎಂದು ಕೈ ಮುಗಿದಳು.

ಚಪ್ಪಲಿ ಹಾಕಿಕೊಂಡು ಹೋಗು ಎಂದು ಹೇಳಬೇಕಿತ್ತು. ಸುತ್ತ ಜನರಿದ್ದರು. "ಆಯ್ತು, ಆಯ್ತು," ಎಂದು ಮೆಟ್ಟಿಲು ಹತ್ತಿದ.

ಎರಡು ಗಂಟೆಗೆ ಬಾಲ್ಕನಿಗೆ ಬಂದ. ಹುಸೇನಮ್ಮ ಪೈಪು ಎಳೆದುಕೊಂಡು ಬಂದಳು, ಅಂಚಿನಲ್ಲಿ ನಿಂತಳು, ಚಪ್ಪಲಿ ಬಿಟ್ಟಳು. ಒದ್ದೆ ಹೆಜ್ಜೆಗಳು ಹಸಿರಿನ ಮೇಲೆ ಮೂಡಿ, ಅವಳು ಮುಂದಿನ ಹೆಜ್ಜೆ ಇಡುವುದರೊಳಗೆ ಆರಿಹೋಗುತ್ತಿದ್ದವು. ಕೂಗಲೆಂದು ಯಶವಂತ ಬಾಯಿ ತೆರೆದ. ನಾಲ್ಕು ಮಹಡಿ ಕೆಳಗಿನವರೆಗೆ ಕೂಗಿದರೆ ಎಲ್ಲರೂ ಹೊರಬಂದು ನೋಡುತ್ತಾರೆ.

"ಏನು ನೋಡ್ತಿದ್ದೀರಿ?" ಒಳಗಿನಿಂದ ಅಹಲ್ಯಾ ಕೇಳಿದಳು.

"ಏನಿಲ್ಲ."

ನೀರು ಬಿದ್ದಲ್ಲೆಲ್ಲ ಹಬೆ ಎದ್ದಿತು. ಸ್ವಲ್ಪ ಹೊತ್ತಿಗೆ ಬಿಸಿಲಿನ ಝಳದಲ್ಲಿ ಹುಸೇನಮ್ಮ ಸರಿಯಾಗಿ ಕಾಣಿಸಲೇ ಇಲ್ಲ. ಕಂಡದ್ದು ಚಪ್ಪಲಿ ಮಾತ್ರ. ಯಾರೋ ನೀರಿಗಿಳಿದು ಮೇಲೆ ಬಾರದ ಕೆರೆಯ ದಂಡೆಯಲ್ಲಿ ಇರುವ ಹಾಗೆ, ಅವು ಹಸಿರಿನತ್ತ ಮುಖ ಮಾಡಿ ಜೋಡಿಯಾಗಿ ಕೂತಿದ್ದವು.