ದೊಡ್ಡ ಡಬ್ಬಿಯ ಪಾಳಿ

ನಾನು ಒಂದು ಹಿತ್ತಾಳೆಯ ಬಿಲ್ಲೆ. ಅಂಗೈ ಗುಳಿಯಲ್ಲಿ ಕೂರುವಷ್ಟು ಅಗಲ, ಅಂಚಿನಲ್ಲೊಂದು ತೂತು, ನಡುವೆ ಹದಿನಾಲ್ಕು ಎಂಬ ಅಂಕಿ. ಅದೇ ನನ್ನ ಹೆಸರು.

ಹುಬ್ಬಳ್ಳಿಯ ಕಂಚುಗಾರರ ಓಣಿಯಲ್ಲಿ, ತಳ ಸೋರುತ್ತಿದ್ದ ಒಂದು ಹಳೆಯ ಕೊಡದಿಂದ ನನ್ನನ್ನು ಕತ್ತರಿಸಿದರು. ಕೊಡವಾಗಿದ್ದಾಗಿನ ನೆನಪು ನನಗಿಲ್ಲ. ಉಳಿ ಹಿಡಿದಿದ್ದ ಮುದುಕ ಅಂಕಿ ಹೊಡೆಯುವಾಗ ನಾಲ್ಕರ ಬಾಲ ಒಂದಿಷ್ಟು ಆಚೆ ಜಾರಿತು. ಅವನು ನನ್ನನ್ನು ಬೆಳಕಿಗೆ ಹಿಡಿದು ನೋಡಿ, ಗುರುತಿಗೆ ಸಾಕು ಅಂದು, ಒಡಹುಟ್ಟಿದವರ ಜೊತೆ ಬುಟ್ಟಿಗೆ ಹಾಕಿದ. ನಮಗೆ ಬೇಕಾದದ್ದೂ ಅಷ್ಟೇ. ಬಿಲ್ಲೆ ಚಂದ ಕಾಣಬೇಕಾಗಿಲ್ಲ, ಯಾರದು ಯಾವಾಗ ಎಂದು ಹೇಳಿದರೆ ಆಯಿತು.

ನಮ್ಮನ್ನು ಮೊದಲು ಕೊಂಡವನು ಹಿಟ್ಟಿನ ಗಿರಣಿಯ ಈರಪ್ಪ. ಹೆಂಗಸರು ಜೋಳದ ಡಬ್ಬಿ ತಂದು ಸಾಲಿನಲ್ಲಿಟ್ಟರೆ ಅವನು ಡಬ್ಬಿಯ ಹಿಡಿಕೆಗೆ ಒಂದು ಬಿಲ್ಲೆ ಕಟ್ಟುತ್ತಿದ್ದ. ಡಬ್ಬಿ ಪಾಳಿಯಲ್ಲಿ ನಿಲ್ಲುತ್ತಿತ್ತು, ಹೆಂಗಸರು ಮನೆಗೆ ಹೋಗಿ ಬೇಳೆ ಬೇಯಿಸಿಟ್ಟು ಬರುತ್ತಿದ್ದರು. ಆ ಗಿರಣಿಯಲ್ಲಿ ಯಾರೂ ಬರೆದಿಡದ ಒಂದು ನಿಯಮವಿತ್ತು. ಒಂದು ಸೇರು ಗೋಧಿ ತಂದವಳು ಬಂದರೆ ಹತ್ತು ಸೇರಿನವಳು ಹಿಂದೆ ಸರಿಯಬೇಕು. ಸಣ್ಣ ಡಬ್ಬಿ ಮುಂದೆ, ದೊಡ್ಡ ಡಬ್ಬಿ ಹಿಂದೆ. ಚಿಟಿಕೆಯಲ್ಲಿ ಮುಗಿಯುವ ಕೆಲಸಕ್ಕೆ ಯಾಕೆ ಒಬ್ಬಳನ್ನು ನಿಲ್ಲಿಸಿಕೊಳ್ಳಬೇಕು ಎಂಬುದು ಎಲ್ಲರಿಗೂ ಒಪ್ಪಿಗೆಯಾದ ನ್ಯಾಯವಾಗಿತ್ತು.

ಸಾವಂತ್ರವ್ವನನ್ನು ನಾನು ಮೊದಲು ಕಂಡದ್ದು ಅಲ್ಲೇ. ರೈಲ್ವೆ ಕಾರ್ಖಾನೆಯ ಫಿಟರ್ ಫಕ್ಕೀರಪ್ಪನ ಹೆಂಡತಿ, ಹೊಸದಾಗಿ ಬಂದ ಸೊಸೆ. ತುಂಬಿದ ಮನೆ, ಆದ್ದರಿಂದ ಅವಳದು ಯಾವಾಗಲೂ ದೊಡ್ಡ ಡಬ್ಬಿ. ಒಬ್ಬೊಬ್ಬರನ್ನೇ ಮುಂದೆ ಬಿಟ್ಟು, ಕೊನೆಗೆ ಹುಬ್ಬಿನ ಮೇಲೆಲ್ಲ ಹಿಟ್ಟು ಕೂತ ಮೇಲೆ ತನ್ನ ಡಬ್ಬಿ ಸುರಿಯುತ್ತಿದ್ದಳು. ಬೇಸರ ಮಾಡಿಕೊಂಡದ್ದನ್ನು ನಾನು ನೋಡಲಿಲ್ಲ. ಗಿರಣಿಯ ಗದ್ದಲದಲ್ಲಿ ಗೋಡೆಗೆ ಒರಗಿ ನಿಲ್ಲುವುದೇ ಅವಳಿಗೆ ದಿನದ ವಿಶ್ರಾಂತಿ ಇರಬೇಕು.

ಈರಪ್ಪ ತೀರಿಕೊಂಡ ಮೇಲೆ ಗಿರಣಿ ಮುಚ್ಚಿತು. ನಾವು ಬಹಳ ಕಾಲ ಒಂದು ಗೋಣಿಚೀಲದಲ್ಲಿದ್ದೆವು. ಆಮೇಲೆ ಅದೇ ಓಣಿಯ ದವಾಖಾನೆಯ ಕಂಪೌಂಡರ್ ಗುರುಪಾದಪ್ಪ ನಮ್ಮನ್ನು ತಂದು, ಹುಣಸೆಹಣ್ಣಿನಿಂದ ತಿಕ್ಕಿ, ಬಾಗಿಲ ಬಳಿಯ ಹಲಗೆಯ ಮೊಳೆಗಳಿಗೆ ತೂಗುಹಾಕಿದ. ಬಂದವರು ಒಂದು ಬಿಲ್ಲೆ ತೆಗೆದುಕೊಳ್ಳಬೇಕು. ಕರೆದಾಗ ಒಳಗೆ ಹೋಗಿ ಅದನ್ನು ಡಾಕ್ಟರ ಮೇಜಿನ ಮೇಲೆ ಇಡಬೇಕು. ಗಿರಣಿಯಲ್ಲಿ ಡಬ್ಬಿಗಳ ಸಂಗ ಇತ್ತು, ಇಲ್ಲಿ ಅಂಗೈಗಳ ಸಂಗ. ಜ್ವರದ ಅಂಗೈ, ಬೆವರಿದ ಅಂಗೈ, ಮಗುವಿನ ಜೊಲ್ಲು ಹತ್ತಿದ ಅಂಗೈ. ಒಳಗೆ ಏನಾಯಿತೆಂದು ಹೊರಗೆ ಬಂದವರ ನಡಿಗೆಯಿಂದ ತಿಳಿಯುತ್ತಿತ್ತು.

ಸಾವಂತ್ರವ್ವ ಒಂದು ಮುಂಜಾನೆ ಬಂದು ನನ್ನನ್ನೇ ತೆಗೆದುಕೊಂಡಳು. ಈಗ ಅವಳ ಕೂದಲು ನರೆತಿತ್ತು. ನಾಲ್ಕರ ಬಾಲ ನೋಡಿ ಗುರುತು ಹಿಡಿದಳೋ ಏನೋ, ಹೆಬ್ಬೆರಳಿಂದ ಅದನ್ನೊಮ್ಮೆ ಸವರಿದಳು. ಮಂಡಿ ನೋವು ಎಂದು ಕಂಪೌಂಡರಿಗೆ ಹೇಳಿದಳು. ಆಮೇಲೆ ನನ್ನನ್ನು ತನ್ನ ಬಟ್ಟೆಯ ಚೀಲದಲ್ಲಿ ಹಾಕಿ, ಆ ಚೀಲವನ್ನು ಕುಪ್ಪಸದೊಳಗೆ ಎಡಗಡೆ ಸಿಕ್ಕಿಸಿಕೊಂಡಳು. ಚಿಲ್ಲರೆ, ಒಂದೆರಡು ಅಡಿಕೆ ಹೋಳು, ನಾನು.

ಅಲ್ಲಿ ಒಂದು ಗಂಟು ಇತ್ತು. ಚರ್ಮದ ಒಳಗೆ, ನನಗೆ ತಾಗಿಕೊಂಡೇ. ನನ್ನಷ್ಟೇ ಗಟ್ಟಿ. ನಾನು ಇಷ್ಟು ಅಂಗೈಗಳನ್ನು ಬಲ್ಲೆ, ಮನುಷ್ಯರ ಮೈಯಲ್ಲಿ ನನ್ನಂಥ ಗಟ್ಟಿ ಇರುವುದಿಲ್ಲ ಎಂದು ನನಗೆ ಗೊತ್ತು. ಅವಳಿಗೂ ಗೊತ್ತಿತ್ತು. ಆಗಾಗ ಸೆರಗು ಸರಿಮಾಡುವ ನೆಪದಲ್ಲಿ ಅಲ್ಲಿ ಬೆರಳಿಟ್ಟು ನೋಡುತ್ತಿದ್ದಳು, ಹಾಲು ಹೆಪ್ಪಾಗಿದೆಯೋ ಎಂದು ನೋಡುವ ಹಾಗೆ.

ಕರೆದಾಗ ಅವಳು ಏಳಲಿಲ್ಲ. ಪಕ್ಕದಲ್ಲಿ ಕೆಮ್ಮುತ್ತಿದ್ದ ಕೂಸಿನ ತಾಯಿಯನ್ನು ಮುಂದೆ ಕಳಿಸಿದಳು. ಆಮೇಲೆ ಬರೀ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಕಾದ ಒಬ್ಬ ಮುದುಕನನ್ನು. ಯಾಕವ್ವ ಹೋಗವಲ್ಲಿ ಎಂದು ಕಂಪೌಂಡರ್ ಕೇಳಿದರೆ ಅವಳ ಉತ್ತರ ಒಂದೇ. "ನಂದು ದೊಡ್ಡ ಡಬ್ಬಿರಿ. ಸಣ್ಣಾವು ಮುಗೀಲಿ." ಓಣಿಯವರಿಗೆಲ್ಲ ಆ ಮಾತು ಅರ್ಥವಾಗಿ ನಕ್ಕರು. ಮಂಡಿ ನೋವು ಹೇಳಿ ಮುಗಿಯದ ಕಥೆ ಅಂದುಕೊಂಡಿರಬೇಕು. ಸಣ್ಣ ಡಬ್ಬಿಗಳು ಬರುತ್ತಲೇ ಇದ್ದವು. ಮಧ್ಯಾಹ್ನ ಡಾಕ್ಟರು ಎದ್ದು ದೊಡ್ಡಾಸ್ಪತ್ರೆಗೆ ಹೊರಟರು. ಸಾವಂತ್ರವ್ವ ನನ್ನನ್ನು ಮೊಳೆಗೆ ತೂಗುಹಾಕಿ ಮನೆಗೆ ಹೋದಳು. ಅವಳ ಮುಖದಲ್ಲಿ ಬೇಸರವೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಮರುವಾರವೂ ಹೀಗೇ ಆಯಿತು. ಅದರ ಮರುವಾರವೂ.

ಆ ದಿನಗಳಲ್ಲೇ ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದ ಮೆಹರ್ ಎಂಬ ಹುಡುಗಿ ಬಂದು ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂತಳು. ದವಾಖಾನೆಯಲ್ಲಿ ಜನ ಎಷ್ಟು ಹೊತ್ತು ಕಾಯುತ್ತಾರೆ ಎಂದು ಲೆಕ್ಕ ಹಾಕುವುದು ಅವಳ ಕೆಲಸ. ಬಿಲ್ಲೆ ತೆಗೆದ ಹೊತ್ತು, ಒಳಗೆ ಹೋದ ಹೊತ್ತು, ಎರಡನ್ನೂ ಗುರುತು ಹಾಕಿಕೊಳ್ಳುತ್ತಿದ್ದಳು. ಒಳಗೆ ಹೋಗದೆ ಹೊರಟವರ ಅಂಕಿಯನ್ನು ಗೆರೆ ಎಳೆದು ಹೊಡೆದುಹಾಕುತ್ತಿದ್ದಳು. ಎರಡನೆಯ ಹೊತ್ತೇ ಇಲ್ಲದಿದ್ದರೆ ಕಳೆಯುವುದು ಹೇಗೆ? ಅಂಥವರನ್ನು ಬಿಟ್ಟುಬಿಡು ಎಂದು ಅವಳ ಗುರುಗಳೇ ಹೇಳಿದ್ದರಂತೆ. ಹೀಗೆ ನಾನು, ಹದಿನಾಲ್ಕು, ಮತ್ತೆ ಮತ್ತೆ ಹೊಡೆದುಹೋದೆ. ಕೊನೆಗೆ ಬಂದ ಸರಾಸರಿ ಚೆನ್ನಾಗಿಯೇ ಇತ್ತು. ನಮ್ಮಲ್ಲಿ ಬಂದವರು ಅರ್ಧ ಗಂಟೆಯೊಳಗೆ ಡಾಕ್ಟರನ್ನು ಕಾಣುತ್ತಾರೆ ಎಂದು ಒಂದು ಹಾಳೆಯನ್ನು ಗೋಡೆಗೆ ಅಂಟಿಸಿದರು. ಸಾವಂತ್ರವ್ವ ಆ ಹಾಳೆಯ ಕೆಳಗೇ ಕೂರುತ್ತಿದ್ದಳು.

ಮೆಹರ್‌ಗೆ ಇನ್ನೊಂದು ಕೆಲಸವೂ ಇತ್ತು. ಮನೆಮಂದಿ ನಿವೃತ್ತಿಗೆ ಹೇಗೆ ತಯಾರಾಗುತ್ತಾರೆ ಎಂದು ಕೇಳಿ ಬರೆದುಕೊಳ್ಳುವುದು. ಕಾಯುವ ಜನ ಹೇಗೂ ಕೂತಿರುತ್ತಾರೆ, ಇಲ್ಲೇ ಕೇಳಿದರಾಯಿತು ಎಂದು ಬೆಂಚಿನ ಮೇಲೇ ಆ ಕೆಲಸವನ್ನೂ ಶುರುಮಾಡಿದಳು.

ಅವತ್ತು ಫಕ್ಕೀರಪ್ಪನೂ ಬಂದಿದ್ದ, ತನ್ನ ರಕ್ತದೊತ್ತಡ ತೋರಿಸಲು. ಅವನ ಕೈಯಲ್ಲಿ ನನ್ನ ಅಣ್ಣ ಹದಿಮೂರು, ಅವಳ ಕುಪ್ಪಸದಲ್ಲಿ ನಾನು. ಶ್ರಾವಣ ಕಳೆದರೆ ಅವನಿಗೆ ನಿವೃತ್ತಿ. ಕೇಳುವವರಿಗಾಗಿಯೇ ಕಾದಿದ್ದವನಂತೆ ಎಲ್ಲವನ್ನೂ ಹೇಳಿದ. ಮಾಳಿಗೆ ಮೇಲೊಂದು ಕೋಣೆ ಕಟ್ಟುವುದು, ಇಟ್ಟಿಗೆ ಆಗಲೇ ಬಂದು ಬಿದ್ದಿವೆ. ಅದರಲ್ಲಿ ಇಬ್ಬರಿಗೂ ಗಾಳಿ ಬರುವ ಹಾಗೆ ಎರಡು ಕಿಟಕಿ. ಪಾಸ್ ಇದೆ, ಪಂಢರಪುರಕ್ಕೆ ಇಬ್ಬರೂ ಹೋಗುವುದು, ಅಲ್ಲಿಂದ ಕಾಶಿಗೆ ಇಬ್ಬರೂ ಹೋಗುವುದು. ಎಷ್ಟು ವರ್ಷಕ್ಕೆ ತಯಾರಿ ಎಂದು ಮೆಹರ್ ಕೇಳಿದಳು.

"ಇಪ್ಪತ್ತು ಹಿಡೀರಿ. ನಮ್ಮಪ್ಪ ಎಂಬತ್ತು ದಾಟಿದ್ದ."

ಗುರುಪಾದಪ್ಪ ಬಾಗಿಲಿಂದಲೇ ಕಾಲೆಳೆದ. "ಬರಕೋರವಾ. ರೈಲ್ವೆದವ್ರು ರಿಟೈರಾದ ಮ್ಯಾಲೇನ ಟೈಮಿಗೆ ಸರಿಯಾಗಿ ಓಡೂದು."

ಎಲ್ಲರೂ ನಕ್ಕರು. ಮೆಹರ್ ಸಾವಂತ್ರವ್ವನ ಕಡೆ ತಿರುಗಿದಳು. ಅವ್ವಾರ, ನಿಮ್ಮದು ಎಂದಳು. ಅವರು ಹೇಳಿದರಲ್ಲ ಎಂದಳು ಸಾವಂತ್ರವ್ವ. ಇಬ್ಬರದೂ ಬೇರೆ ಬೇರೆ ಬರೆಯಬೇಕು ಎಂದಳು ಮೆಹರ್.

ಸಾವಂತ್ರವ್ವ ಸೆರಗು ಸರಿಮಾಡಿಕೊಂಡಳು. ಅವಳ ಬೆರಳು ನನ್ನ ಮೇಲೆ ಹಾದುಹೋಯಿತು.

"ನಂದು ಅಷ್ಟು ಹಿಡೀಬ್ಯಾಡವಾ."

ಫಕ್ಕೀರಪ್ಪ ಜೋರಾಗಿ ನಕ್ಕ. "ಕೊತ್ತಂಬರಿಗೆ ಚೌಕಾಸಿ ಮಾಡಿ ಮಾಡಿ, ಈಗ ಆಯುಷ್ಯಕ್ಕೂ ಚೌಕಾಸಿಗೆ ನಿಂತಾಳ್ರಿ ಈಕಿ."

ಮೆಹರ್ ನಗಲಿಲ್ಲ. ಪೆನ್ನು ಅಲ್ಲೇ ನಿಂತಿತ್ತು.

ಫಕ್ಕೀರಪ್ಪ ಒಳಗೆ ಹೋಗಿ ಬಂದು, ನೀನು ತೋರಿಸಿಕೊಂಡು ಬಾ ಎಂದು ಹೆಂಡತಿಗೆ ಹೇಳಿ ಕಾರ್ಖಾನೆಗೆ ಹೊರಟ. ಅವಳು ಎಂದಿನಂತೆ ಪಾಳಿ ಬಿಟ್ಟುಕೊಟ್ಟು ಕೂತಳು. ಡಾಕ್ಟರು ಎದ್ದು ಹೋದ ಮೇಲೂ ಕೂತಿದ್ದಳು. ಕಸ ಗುಡಿಸುವವಳು ಕಾಲು ಎತ್ತು ಅಂದಾಗಲೇ ಎದ್ದದ್ದು. ನನ್ನನ್ನು ಮೊಳೆಗೆ ಹಾಕುವುದನ್ನು ಮರೆತು ಮನೆಗೆ ನಡೆದಳು.

ಸಂಜೆ ಅವಳು ಮುಖ ತೊಳೆಯಲು ಹೋಗುವಾಗ ಚೀಲವನ್ನು ತೆಗೆದು ಅಡುಗೆಮನೆಯ ಗೋಡೆಯ ಮಾಡದಲ್ಲಿಟ್ಟಳು. ಮೊಸರಿನವಳು ಬಂದಳು. ಚಿಲ್ಲರೆಗೆಂದು ಫಕ್ಕೀರಪ್ಪ ಚೀಲಕ್ಕೆ ಕೈಹಾಕಿದ. ಅವನ ಕೈಗೆ ಬಂದದ್ದು ನಾನು.

ಅವನು ನನ್ನನ್ನು ಬಹಳ ಹೊತ್ತು ತಿರುಗಿಸಿ ನೋಡಿದ. ಒಳಗೆ ಹೋದವರ ಬಿಲ್ಲೆ ಡಾಕ್ಟರ ಮೇಜಿನ ಮೇಲೆ ಉಳಿಯುತ್ತದೆ, ಮನೆಗೆ ಬರುವುದಿಲ್ಲ. ಅದು ಓಣಿಯ ಮಕ್ಕಳಿಗೂ ಗೊತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದಾಗ, ಡಾಕ್ಟರು ಏನಂದರು ಎಂದು ಕೇಳಿದ. ಮಂಡಿಗೆ ಎಣ್ಣೆ ಹಚ್ಚು ಅಂದರು ಎಂದಳು ಅವಳು. ಅವನು ಬಾಗಿಲ ಕಡೆ ತಿರುಗಿದ. ಮೊಸರಿನವಳಿಗೆ ನಾಳೆ ಬಾ ಎಂದು ಹೇಳಿ ನನ್ನನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ರೊಟ್ಟಿ ತಿನ್ನುವಾಗ ಅವಳನ್ನೇ ನೋಡುತ್ತಿದ್ದ. ಅವಳು ಎಡಗೈಯನ್ನು ಮೈಗೆ ಒತ್ತಿಕೊಂಡು, ಬಲಗೈ ಒಂದರಿಂದಲೇ ರೊಟ್ಟಿ ತಟ್ಟುತ್ತಿದ್ದಳು. ಯಾವತ್ತಿನಿಂದ ಹಾಗೆ ಎಂಬುದು ಅವನಿಗೆ ನೆನಪಾಗಲಿಲ್ಲವೆಂದು ಕಾಣುತ್ತದೆ. ಜೇಬಿನ ಹಿಂದೆ ಅವನ ಎದೆ ಬಡಿದುಕೊಳ್ಳುತ್ತಿದ್ದುದು ನನಗೆ ಕೇಳುತ್ತಿತ್ತು.

ಮರುದಿನ ಅವನು ಕೆಲಸಕ್ಕೆ ಹೋಗಲಿಲ್ಲ. ನಡಿ ಎಂದ. ಅವಳು ಯಾಕೆ ಎಂದು ಕೇಳಲಿಲ್ಲ, ಚಪ್ಪಲಿ ಮೆಟ್ಟಿದಳು. ದವಾಖಾನೆಯ ಬಾಗಿಲಲ್ಲಿ ಕಂಪೌಂಡರ್ ಬಿಲ್ಲೆ ತೆಗೆದುಕೊಳ್ಳಿ ಎಂದಾಗ, ನಮ್ಮದು ನಿನ್ನೆಯದೇ ಇದೆ ಎಂದು ಫಕ್ಕೀರಪ್ಪ ಹೇಳಿದ. ಇಬ್ಬರೂ ಹಾಳೆಯ ಕೆಳಗೆ ಕೂತರು. ಹದಿನಾಲ್ಕು ಎಂದು ಕರೆದರು. ಅಷ್ಟರಲ್ಲಿ ಒಬ್ಬ ತಾಯಿ ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದುನಿಂತಳು. ಸಾವಂತ್ರವ್ವ ಕಾಲು ಹಿಂದೆ ಎಳೆದುಕೊಂಡು, ಹೋಗವ್ವ ಎನ್ನಲು ಬಾಯಿ ತೆರೆದಳು.

ಫಕ್ಕೀರಪ್ಪ ನನ್ನನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಅವಳ ಮುಖ ನೋಡಲಿಲ್ಲ. ಗೋಡೆ ನೋಡುತ್ತ, ಸಣ್ಣ ದನಿಯಲ್ಲಿ ಹೇಳಿದ.

"ಇವತ್ತ ದೊಡ್ಡ ಡಬ್ಬಿ ಮುಂದ ಹೋಗ್ಲಿ."

 ಮಗುವಿನ ತಾಯಿ ಅವರಿಬ್ಬರನ್ನೂ ನೋಡಿ ಮೆಲ್ಲಗೆ ಕೂತಳು. ಸಾವಂತ್ರವ್ವ ಎದ್ದಳು. ಆ ಬಾಗಿಲನ್ನು ನಾನು ಅಸಂಖ್ಯ ಸಲ ದಾಟಿದ್ದೆ. ಅವಳ ಕೈಯಲ್ಲಿ ದಾಟಿದ್ದು ಅದೇ ಮೊದಲು. ಮೇಜಿನ ಮೇಲೆ ನನ್ನನ್ನಿಟ್ಟು ಮಂಡಿ ಎಂದು ಶುರುಮಾಡಿದಳು. ಡಾಕ್ಟರು ತಲೆ ಎತ್ತಲಿಲ್ಲ. ಅವಳ ಕೈ ಸೆರಗಿನ ಎಡಗಡೆಗೆ ಹೋಯಿತು.

"ಮಂಡಿ ಅಲ್ರಿ," ಎಂದಳು ಆಮೇಲೆ.

ಡಾಕ್ಟರು ತಲೆ ಎತ್ತಿದರು.

ಮುಂದಿನದನ್ನು ನಾನು ಕಣ್ಣಾರೆ ಕಾಣಲಿಲ್ಲ, ಮೊಳೆಯ ಮೇಲೆ ನೇತಾಡುತ್ತ ಕೇಳಿಸಿಕೊಂಡೆ. ದೊಡ್ಡಾಸ್ಪತ್ರೆಯಲ್ಲಿ, ಇಷ್ಟು ತಡಮಾಡಬಾರದಿತ್ತು ಎಂದರಂತೆ. ಎಡ ಮೊಲೆಯನ್ನು ತೆಗೆದರಂತೆ. ಕೂದಲು ಉದುರಿತಂತೆ. ಶ್ರಾವಣ ಕಳೆಯಿತು, ಫಕ್ಕೀರಪ್ಪನಿಗೆ ಹಾರ ಹಾಕಿ ಕಳಿಸಿದರು, ಅವನು ಆ ಹಾರವನ್ನು ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋದನಂತೆ. ಮಾಳಿಗೆಯ ಕೋಣೆಗೆಂದು ಕೂಡಿಟ್ಟದ್ದು ಔಷಧಿಗೆ ಹೋಯಿತು. ಇಟ್ಟಿಗೆಗಳು ಗೋಡೆಗೆ ಒರಗಿಯೇ ಉಳಿದು, ಅವುಗಳ ಮೇಲೆ ಹೀರೆಬಳ್ಳಿ ಹಬ್ಬಿತು.

ಮೆಹರ್ ತನ್ನ ಲೆಕ್ಕಕ್ಕೆ ವಾಪಸು ಹೋದಳು. ಹೊಡೆದುಹಾಕಿದವರನ್ನೆಲ್ಲ ಹುಡುಕಿ ತಂದು ಲೆಕ್ಕದ ಸಾಲಿನಲ್ಲಿ ಕೂರಿಸಿದಳು. ಕಾದು ಹೊರಟು ಹೋದವರೂ ಕಾದವರೇ, ಅವರ ಕಾಯುವಿಕೆ ಮುಗಿದಿಲ್ಲ ಅಷ್ಟೆ, ಅವರನ್ನು ಬಿಟ್ಟುಬಿಡಲು ಬರುವುದಿಲ್ಲ ಎಂದು ಡಾಕ್ಟರಿಗೆ ವಿವರಿಸಿದಳು. ಅಂಥವರು ಬಹಳ ಜನ ಇದ್ದರು. ಡಾಕ್ಟರು ಎದ್ದು ಬಂದು, ಗೋಡೆಯ ಹಾಳೆಯನ್ನು ತಾವೇ ಕಿತ್ತರು. ಆಮೇಲೆ ಬಾಗಿಲ ಬಳಿ ಒಂದು ಪರದೆ ಕಟ್ಟಿ ನರ್ಸಮ್ಮನನ್ನು ಕೂರಿಸಿದರು. ಬಂದವರು ಮೊದಲು ಅವಳ ಕಿವಿಯಲ್ಲಿ ಹೇಳಬೇಕು, ಯಾರು ಮುಂದೆ ಯಾರು ಹಿಂದೆ ಎಂದು ಅವಳು ಚೀಟಿ ಕೊಡುತ್ತಾಳೆ. ಬಿಲ್ಲೆಗಳ ಕೆಲಸ ಅಲ್ಲಿಗೆ ಮುಗಿಯಿತು. ನಿವೃತ್ತಿಗೆ ನಾನು ಯಾವ ತಯಾರಿಯನ್ನೂ ಮಾಡಿಕೊಂಡಿರಲಿಲ್ಲ. ಕಂಪೌಂಡರ್ ನಮ್ಮನ್ನು ದಾರಕ್ಕೆ ಪೋಣಿಸಿ ಗುಜರಿಯವನಿಗೆಂದು ಇಟ್ಟಿದ್ದ. ಫಕ್ಕೀರಪ್ಪ ಕೇಳಿ ನನ್ನೊಬ್ಬನನ್ನು ಬಿಚ್ಚಿಸಿಕೊಂಡು ಹೋದ.

ಈಗ ನಾನು ಸಾವಂತ್ರವ್ವನ ಅಡುಗೆಮನೆಯ ಮಾಡದಲ್ಲಿ, ಅರಿಶಿನದ ಡಬ್ಬಿಯ ಪಕ್ಕ ಇರುತ್ತೇನೆ. ತಿಕ್ಕುವವರಿಲ್ಲದೆ ಕಪ್ಪಾಗಿದ್ದೇನೆ. ಅವಳ ಕೂದಲು ಮತ್ತೆ ಬಂದಿದೆ, ಮೊದಲಿಗಿಂತ ಗುಂಗುರಾಗಿ. ಆಪರೇಷನ್ ಆದ ಮೇಲೆ ಎಡಗೈ ಬಾತಿದೆ, ಆದ್ದರಿಂದ ರೊಟ್ಟಿ ತಟ್ಟುವುದು ಫಕ್ಕೀರಪ್ಪ. ಅವನ ರೊಟ್ಟಿ ಯಾವುದೂ ದುಂಡಗಿರುವುದಿಲ್ಲ. ಕಾರ್ಖಾನೆಯಲ್ಲಿ ಗಾಲಿ ಹೇಗೆ ಮಾಡಿದಿರೋ ಎಂದು ಅವಳು ಕೇಳುತ್ತಾಳೆ, ಅವನು ಮುಂದಿನ ಉಂಡೆ ಹಿಡಿದು ತಟ್ಟುತ್ತಾನೆ. ಎಷ್ಟು ವರ್ಷ ಎಂದು ಅವರ ಮನೆಯಲ್ಲಿ ಈಗ ಯಾರೂ ಹೇಳುವುದಿಲ್ಲ.

ತಪಾಸಣೆಗೆ ಕರೆದ ದಿನ ಅವಳು ನನ್ನನ್ನು ಮಾಡದಿಂದ ಇಳಿಸಿ ಚೀಲಕ್ಕೆ ಹಾಕುತ್ತಾಳೆ. ಅಲ್ಲಿ ನನ್ನ ಕೆಲಸವೇನೂ ಇಲ್ಲ, ಚೀಟಿ ಇದೆ. ಆದರೂ ನನ್ನನ್ನು ಅದೇ ಎಡಗಡೆ ಸಿಕ್ಕಿಸಿಕೊಳ್ಳುತ್ತಾಳೆ. ಅಲ್ಲಿ ಈಗ ಗಟ್ಟಿಯೂ ಇಲ್ಲ, ಮೆತ್ತಗೂ ಇಲ್ಲ. ಒರಗಿಕೊಳ್ಳಲು ಏನೂ ಸಿಗದೆ ನಾನು ಚಪ್ಪಟೆಯಾಗಿ ಮಲಗಿರುತ್ತೇನೆ. ಪಕ್ಕದಲ್ಲಿ ಯಾರೋ ಕೂಸು ಹಿಡಿದುಕೊಂಡು ಕೂತಿರುತ್ತಾರೆ, ಅವಳು ಆ ಕೂಸಿನ ಕೆನ್ನೆ ಮುಟ್ಟಿ ಮಾತಾಡಿಸುತ್ತಾಳೆ.

ಆದರೆ ಹೆಸರು ಕರೆದ ಕೂಡಲೇ ಎದ್ದು ಒಳಗೆ ಹೋಗುತ್ತಾಳೆ.