ಮಾತಿಗೆ ಸಿಗುವ ಸೈಕಲ್

ಚಂದಪ್ಪನಿಗೂ ಖಾದರಸಾಬನಿಗೂ ಸಕ್ಕರೆ ಕಾಯಿಲೆ ಒಂದೇ ತಿಂಗಳಲ್ಲಿ ಬಂತು. ಆಳಂದದ ಮಂದಿ ಅದಕ್ಕೂ ಆಡಿಕೊಂಡರು: "ಇವ್ರು ಬ್ಯಾನಿ ಸೈತ ಹಂಚ್ಕೊಂಡು ತಿಂತಾರ ನೋಡ್ರಿ!" ದಿನಾ ಬೆಳಗ್ಗೆ ಸೈಕಲ್ ತುಳೀರಿ ಅಂತ ಡಾಕ್ಟರು ಹೇಳಿದ್ದೇ ತಡ, ಇಬ್ಬರೂ ಮೂಲೆ ಹಿಡಿದಿದ್ದ ತಮ್ಮ ಕರಿ ಸೈಕಲ್ಲುಗಳಿಗೆ ಎಣ್ಣೆ ಬಿಟ್ಟು ಮಾದನಹಿಪ್ಪರಗಾ ರಸ್ತೆ ಹಿಡಿದರು.

ಹೆಸರಿಗೆ ವ್ಯಾಯಾಮ, ಖರೇ ಕೆಲಸ ಮಾತು. ಚಂದಪ್ಪ ಹುಟ್ಟಾ ಎತ್ತಿನ ದಲ್ಲಾಳಿ. ಯಾವ ಊರಲ್ಲಿ ಯಾರ ಕೊಟ್ಟಿಗೆಯಲ್ಲಿ ಎಂಥ ಜೋಡಿ ಇತ್ತು ಅಂತ ಬಾಯಿಪಾಠ. ಖಾದರಸಾಬ ಸರಕಾರಿ ಬಸ್ಸಿನ ಡ್ರೈವರ್ ಆಗಿ ರಿಟೈರ್ ಆದವನು. ಅಫಜಲಪುರ, ಜೇವರ್ಗಿ ರಸ್ತೆಗಳ ಒಂದೊಂದು ಗುಂಡಿಗೂ ಅವನ ಹತ್ತಿರ ಒಂದೊಂದು ಕಥೆ. ಹಳ್ಳದ ಸೇತುವೆ ತನಕ ಹೋಗಿ ಹೊಳ್ಳಿ ಬರುವುದರೊಳಗೆ ಇಬ್ಬರೂ ಊರಿಗೆಲ್ಲ ಒಂದು ನ್ಯಾಯ ಹೇಳಿ ಮುಗಿಸಿರುತ್ತಿದ್ದರು.

ಇದಕ್ಕೆಲ್ಲ ಕಲ್ಲು ಬಿದ್ದದ್ದು ಜೇವರ್ಗಿಯ ಅಳಿಯ ಖಾದರಸಾಬನಿಗೆ ಒಂದು ಹೈಬ್ರೀಡ್ ಸೈಕಲ್ ತಂದುಕೊಟ್ಟ ದಿನ. ಗೇರು ಇದ್ದದ್ದು, ಹಗುರಾದದ್ದು, ತುಳಿದರೆ ಬಾಣ. ಡ್ರೈವರನ ಕಾಲಿಗೆ ಅಂಥದ್ದು ಸಿಕ್ಕರೆ ಕೇಳಬೇಕೆ? ಅವನು ಮುಂದೆ ಮುಂದೆ, ಕರಿ ಸೈಕಲ್ಲಿನ ಚಂದಪ್ಪ ಹಿಂದೆ ಹಿಂದೆ. ಸೇತುವೆ ಮುಟ್ಟುವಷ್ಟರಲ್ಲಿ ಚಂದಪ್ಪನಿಗೆ ಏದುಸಿರು, ಮಾತೆಲ್ಲಿ ಬರಬೇಕು? ಉಸಿರು ತಿರುಗುವಷ್ಟರಲ್ಲಿ ಖಾದರಸಾಬ ಸೈಕಲ್ ಹೊಳ್ಳಿಸಿ ಹೊರಟಾಗಿರುತ್ತಿತ್ತು.

ಉಳಿದ ಮಾತನ್ನೆಲ್ಲ ಚಂದಪ್ಪ ಮನೆಗೆ ತಂದು ಹೆಂಡತಿಯ ಮುಂದೆ ಸುರಿಯತೊಡಗಿದ. ಸುಂದರಬಾಯಿ ರೊಟ್ಟಿ ಬಡಿಯುತ್ತ ಒಂದು ವಾರ ತಡೆದಳು. ಆಮೇಲೆ ಹೇಳಿಯೇಬಿಟ್ಟಳು:

"ನೋಡ್ರಿ, ಕರಜಗಿ ಗೌಡ್ರ ಎತ್ತಿನ ಕ್ವಾಡಿನ ಸುದ್ದಿ ಕೇಳಿ ಕೇಳಿ ನನ್ನ ರೊಟ್ಟಿ ಹೊತ್ತಾಕತ್ಯಾವ. ಇದೆಲ್ಲ ಖಾದರಭಾಯಿಗೆ ಹೇಳ್ರಿ."

"ಅವ ಕೈಗೆ ಸಿಕ್ಕರ ಅಲ್ಲೇನು?"

"ಹಂಗಾರ ನೀವೂ ಅಂಥಾದ್ದೇ ಒಂದು ತಗೋರಿ. ಇಲ್ಲಂದ್ರ ನಾ ತವರಿಗೆ ಹೋಗ್ತೇನಿ."

ಹಾಗೆ ಚಂದಪ್ಪ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಮಸರತ ಎಂಬ ಹುಡುಗಿಯ ಸೈಕಲ್ ಅಂಗಡಿಗೆ ಬಂದ. ಅಪ್ಪನ ಅಂಗಡಿಯನ್ನು ಈಗ ನಡೆಸುವವಳು ಅವಳೇ.

"ಹೈಬ್ರೀಡ್ ಜ್ವಾಳಾನೂ ಕಂಡೇನಿ, ಹೈಬ್ರೀಡ್ ಆಕಳಾನೂ ಕಂಡೇನಿ. ಸೈಕಲ್ಲಿಗೂ ಬಂತೇನವ್ವಾ?"

"ಹೌದ್ರಿ ಕಾಕಾ. ಡಾಂಬರ್ ಮ್ಯಾಲೂ ಓಡ್ತದ, ಹೊಲದ ದಾರ್ಯಾಗೂ ನಡೀತದ," ಅಂತ ಮಸರತ ಎರಡು ಸೈಕಲ್ ಹೊರಗೆ ತಂದು ನಿಲ್ಲಿಸಿದಳು. ಒಂದು ಬೂದಿ ಬಣ್ಣ, ಒಂದು ನೀಲಿ.

"ಎರಡೂ ಒಂದೇ ಥರಾ ಅದಾವಲ್ಲ!"

"ಹೆಚ್ಚು ಕಮ್ಮಿ ಒಂದೇರಿ. ರೇಟೂ ಹಂಗೇ. ಬೂದಿದಕ್ಕ ಗೇರ್ ಜಾಸ್ತಿ, ಟಾಯರ್ ಸಣ್ಣವು, ಓಟ ಚುರುಕು. ನೀಲಿದಕ್ಕ ಹ್ಯಾಂಡಲ್ ಎತ್ತರ, ಟಾಯರ್ ಜರಾ ದಪ್ಪ, ಮುಂದ ಶಾಕಪ್ಸ್ ಅದ. ಇಷ್ಟೇ ಫರಕ."

ಚಂದಪ್ಪ ಧೋತರ ಎತ್ತಿ ಕಟ್ಟಿ ಕೆಲಸಕ್ಕೆ ಇಳಿದ. ಎರಡರ ಸುತ್ತಲೂ ಸುತ್ತಿದ. ಸೀಟು ತಟ್ಟಿದ, ಚಕ್ರ ತಿರುಗಿಸಿ ಕಿವಿಗೊಟ್ಟ, ಕೆಳಗೆ ಬಗ್ಗಿ ಏನನ್ನೋ ಹುಡುಕಿದ.

"ಏನ್ ನೋಡಾಕತ್ತೀರಿ ಕಾಕಾ?"

"ಸುಳಿ. ಎತ್ತು ತಗೊಳ್ಳಾಗ ಮೊದಲು ಸುಳಿ ನೋಡ್ಬೇಕು," ಅಂದ ಚಂದಪ್ಪ. ಮಸರತ ನಕ್ಕಳು, ಅವನೂ ನಕ್ಕ. ಅಷ್ಟರಲ್ಲಿ ಸುದ್ದಿ ಮುಟ್ಟಿ ಖಾದರಸಾಬನೂ ಬಂದಿಳಿದ.

"ಅರೇ ಚಂದ್ಯಾ, ಬೂದಿದೇ ತಗೋ! ಗೇರ್ ಜಾಸ್ತಿ ಇದ್ದದ್ದು ಬಿಟ್ಟು ಕಮ್ಮೀದು ಯಾವನರೆ ತಗೋತಾನ? ಹ್ಯಾಂಡಲ್ ಎತ್ತರ ಇದ್ದದ್ದು ಹೆಂಗಸರ ಸೈಕಲ್ ಅದು."

"ಚಾಚಾ, ನನ್ನ ಅಂಗಡ್ಯಾಗ ನಿಂತು ಹೆಂಗಸರ ಸೈಕಲ್ ಅಂದ್ರ ನಿಮ್ಮ ಪಂಕ್ಚರ್ ನೀವೇ ಹಾಕ್ಕೋಬೇಕಾಗ್ತದ ನೋಡ್ರಿ," ಅಂದಳು ಮಸರತ. ಖಾದರಸಾಬ ಕಿವಿ ಹಿಡಿದುಕೊಂಡ. ಅವಳು ಚಂದಪ್ಪನಿಗೆ ಹೇಳಿದಳು: "ನಾಳೆ ಇದನ್ನ ಒಯ್ರಿ, ನಾಡದ ಅದನ್ನ ಒಯ್ರಿ. ಆಮ್ಯಾಲ ಹೇಳ್ರಿ."

ಮರುದಿನ ಚಂದಪ್ಪ ಬೂದಿ ಸೈಕಲ್ ಹತ್ತಿದ. ಮೈ ಮುಂದೆ ಬಾಗಿತು, ಗಾಳಿ ಕಿವಿಯಲ್ಲಿ ಗುಂಯ್ ಅಂದಿತು. ತೊಗರಿ ಹೊಲಗಳು ಹಿಂದೆ ಸರಿದವು, ಒಂದು ನಾಯಿ ಹಿಂದೆ ಸರಿಯಿತು, ಕೊನೆಗೆ ಖಾದರಸಾಬನೂ ಹಿಂದೆ ಸರಿದ! ಚಂದಪ್ಪನಿಗೆ ಹುಚ್ಚು ಖುಷಿ. "ಬಾರಲೇ ಡ್ರೈವರಾ!" ಅಂತ ಕೂಗಿ ಮತ್ತಷ್ಟು ತುಳಿದ. ಸೇತುವೆಯ ಮೇಲೆ ಅವನೇ ಮೊದಲು ಕಾಲೂರಿದ.

ಕಾಲೂರಿ ತಿರುಗಿ ನೋಡಿದರೆ ರಸ್ತೆ ಖಾಲಿ. ಇಂಥ ಓಟ ಓಡಿದೆ ಅಂತ ಹೇಳೋಣ ಅಂದರೆ ಕೇಳಲು ಒಂದು ನರಪಿಳ್ಳೆಯೂ ಇಲ್ಲ. ಸೇತುವೆ ಕಟ್ಟೆಯ ಮೇಲೆ ಕೂತ. ಆಗ ಅವನಿಗೆ ತನ್ನ ಮೇಲೆಯೇ ನಗು ಬಂತು. ಸಂತೆಯಲ್ಲಿ ಎಷ್ಟು ರೈತರಿಗೆ ಬೈದಿದ್ದ! 'ಹೊಸ ಎತ್ತು ಒಂದನ್ನೇ ಏನ್ ನೋಡ್ತೀಯೋ ಮಾರಾಯಾ? ಮನ್ಯಾಗಿನ ಎತ್ತು ಹೊಡ್ಕೊಂಡು ಬಾ, ನೊಗಕ್ಕ ಕಟ್ಟು, ಎರಡೂ ಕೂಡಿ ನಡೀತಾವೇನ್ ನೋಡು.' ಊರಿಗೆಲ್ಲ ಹೇಳಿದ ಮಾತು ತನ್ನ ಸೈಕಲ್ಲಿಗೆ ಬಂದಾಗ ಮರೆತೇಹೋಗಿತ್ತು.

ಖಾದರಸಾಬ ಬಂದ. ಮುಖವೆಲ್ಲ ಬೆವರು. ಉಸಿರು ಬಂದ ಮೇಲೆ ಕೇಳಿದ: "ಯಾಕಲೇ, ಇನ್ನೂ ಸಿಟ್ಟು ಹೋಗಿಲ್ಲೇನು?"

"ಯಾವ ಸಿಟ್ಟು?"

"ಮತ್ತ? ಹೊಸ ಸೈಕಲ್ ಬಂದಾಗಿನಿಂದ ನಾ ದಾರಿಗುಂಟ ಮಾತಾಡ್ತೇನಿ, ನೀ ಒಂದಕ್ಕರೆ ಹೂಂ ಅಂದೀಯೇನು? ಅಳಿಯ ಕೊಟ್ಟದ್ದಕ್ಕ ನಿನಗ ಹೊಟ್ಟಿಕಿಚ್ಚು ಆಗ್ಯಾದ ಅಂತ ನಾನೂ ಕೇಳಲಾರದೆ ಹೊಳ್ಳಿ ಹೋಗ್ತಿದ್ದೆ."

ಚಂದಪ್ಪ ಕಣ್ಣರಳಿಸಿದ. "ನೀ ಎಲ್ಲೋ ಮುಂದ ಇರ್ತಿದ್ದಿ, ನಾ ಎಲ್ಲೋ ಹಿಂದ ಇರ್ತಿದ್ದೆ. ಯಾರ ಕೂಡ ಮಾತಾಡ್ತಿದ್ದಿ?"

"ನಿನ್ನ ಕೂಡ!"

"ಒಮ್ಮಿಯರೆ ತಿರುಗಿ ನೋಡೀಯೇನು?"

ಖಾದರಸಾಬ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. "ಇಲ್ಲ ನೋಡು," ಅಂದ ಮೆಲ್ಲಗೆ. "ಬಸ್ಸಿನ್ಯಾಗ ಹಿಂದ ಮಂದಿ ಕುಂತಿರ್ತಿದ್ರು, ನಾ ಮುಂದ ನೋಡ್ಕೋತ ಮಾತಾಡ್ತಿದ್ದೆ. ಜನ್ಮ ಎಲ್ಲಾ ಹಂಗೇ ಹೋತು. ಸ್ಟೇರಿಂಗ್ ಹಿಡದವ ತಿರುಗಿ ನೋಡಬಾರದು ಅಂತ ರೂಢಿ ಆಗ್ಯಾದ."

"ಅಂದ್ರ ಇಷ್ಟು ದಿನ ಖಾಲಿ ಬಸ್ ಹೊಡದೀಯಲ್ಲೋ, ಖಾದರ್ಯಾ!"

ಇಬ್ಬರೂ ನಕ್ಕ ನಗೆಗೆ ಹಳ್ಳದಲ್ಲಿ ನೀರು ಕುಡಿಯುತ್ತಿದ್ದ ಆಡುಗಳು ತಲೆ ಎತ್ತಿದವು.

ಅದರ ಮರುದಿನ ಬೆಳಗ್ಗೆ ನೀಲಿ ಸೈಕಲ್ಲಿನ ಪಾಳಿ. ಚಂದಪ್ಪ ಮೊದಲೇ ಕಟ್ಟಪ್ಪಣೆ ಮಾಡಿದ: "ಇವತ್ತು ನೀ ನನ್ನ ಮಗ್ಗಲದಾಗೇ ಇರಬೇಕು. ನಾ ಮಾತಾಡ್ತೇನಿ. ನೀ 'ಏನಂದಿ' ಅಂದ್ರ ಸೈಕಲ್ ನಾಪಾಸು, 'ಹೂಂ' ಅಂದ್ರ ಪಾಸು." ಎತ್ತರದ ಹ್ಯಾಂಡಲ್ಲಿಗೆ ಬೆನ್ನು ನೆಟ್ಟಗಾಯಿತು. ಮುಖ ಹೊರಳಿಸಿದರೆ ಗೆಳೆಯನ ಮುಖ ಅಲ್ಲೇ, ಕೈ ಚಾಚಿದರೆ ಭುಜ. ಖಾದರಸಾಬ ಗೇರ್ ಇಳಿಸಿಕೊಂಡು ಅದೇ ಹದಕ್ಕೆ ಬಂದ. ಅರ್ಧ ದಾರಿಗೇ ಹವಳಗಾ ಕಾರ್ಖಾನೆಯ ಕಬ್ಬಿನ ಲಾರಿಗಳ ಬಗ್ಗೆ ಜಗಳ ಹತ್ತಿತು. ಖಾದರಸಾಬ 'ಹೂಂ' ಅನ್ನಲಿಲ್ಲ, "ಸುಳ್ಳು ಹೇಳಬ್ಯಾಡಲೇ!" ಅಂದ. ಚಂದಪ್ಪನ ಲೆಕ್ಕದಲ್ಲಿ ಅದು ಪಾಸಿಗಿಂತ ಒಂದು ಕೈ ಮೇಲು.

ಅಂಗಡಿಗೆ ಬಂದಾಗಲೂ ಜಗಳ ನಡೆದೇ ಇತ್ತು. "ನೀಲಿದೇ ಇರಲವ್ವಾ," ಅಂದ ಚಂದಪ್ಪ ನಡುವೆ ಬಿಡುವು ಮಾಡಿಕೊಂಡು.

"ಬೂದಿದು ಜೋರು ಓಡ್ತಿತ್ತಲ್ರಿ ಕಾಕಾ?"

"ಭಾಳ ಜೋರು ಓಡ್ತದ. ಓಡಿ ಹೋಗಿ ಒಬ್ಬನೇ ಏನ್ ಮಾಡ್ಲಿ?"

"ಗಂಟಿ ಯಾವುದು ಹಚ್ಚಲ್ರಿ?"

"ಗಂಟಿ ಯಾಕ? ನಾವು ಬರೂದು ಮಂದಿಗೆ ಮೊದಲೇ ಕೇಳ್ತದ."

ಮಸರತ ಹಚ್ಚಿಯೇ ಕಳಿಸಿದಳು. ಇಬ್ಬರೂ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಜೋಡಿಯಾಗಿ, ಅರ್ಧ ರಸ್ತೆ ತಮ್ಮದೇ ಮಾಡಿಕೊಂಡು ಹೊರಟರು. ಹಿಂದೆ ಒಂದು ಆಟೋ ಹಾರ್ನ್ ಬಾರಿಸಿ ಬಾರಿಸಿ ಸಾಕಾಗಿ ಸುಮ್ಮನಾಯಿತು.